ಅರ್ಧ ಸ್ವರ ಕೆಳಗೆ: ಬೆಳಗಾವಿಯ ಒಂದು ರಾಕ್ ಬ್ಯಾಂಡಿನ ಪ್ರಕರಣ

ಗಿಟಾರಿನ ಶ್ರುತಿಯನ್ನು ಅರ್ಧ ಸ್ವರ, ಅಂದರೆ ಹಾರ್ಮೋನಿಯಮ್ಮಿನಲ್ಲಿ ಕರಿ ಬಿಳಿ ಸೇರಿ ಪಕ್ಕದ ಮನೆಗೆ ಇರುವಷ್ಟು, ಇಳಿಸುವುದೆಂದರೆ ತಂತಿ ಬಿಗಿಯುವ ಆರು ಕೀಗಳನ್ನು ಸ್ವಲ್ಪ ಸ್ವಲ್ಪ ಸಡಿಲಿಸುವ ಕೆಲಸ, ಐದು ನಿಮಿಷ ಸಾಕು ಎಂದು ಬಹಳ ಹುಡುಗರು ತಿಳಿದಿದ್ದಾರೆ. ಬೆಳಗಾವಿಯ ಒಂದು ಬ್ಯಾಂಡಿಗೆ ಅದೇ ಕೆಲಸಕ್ಕೆ ಒಂದು ಮಳೆಗಾಲ ಹಿಡಿಯಿತು. ನಡುವೆ ಒಂದು ಕಾರ್ಯಕ್ರಮ ಕೆಟ್ಟಿತು, ತಂಡ ಒಡೆಯುವ ಹಂತಕ್ಕೂ ಹೋಯಿತು. ಅವರ ಗಿಟಾರುಗಳ ಸೆಟಪ್ ಮಾಡಿಕೊಡುವವನು ನಾನೇ ಆದ್ದರಿಂದ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಂಡದ ಹೆಸರು ಕೊಟ್ಟಿಲ್ಲ. ಗುರುತು ಸಿಗದ ಹಾಗೆ ಕೆಲವರ ನೌಕರಿ, ಊರು ಬದಲಿಸಿದ್ದೇನೆ. ಶ್ರುತಿಯ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ತಂಡ

ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಹುಟ್ಟಿದ ಬ್ಯಾಂಡು. ಓದು ಮುಗಿದ ಮೇಲೆ ಪುಣೆ, ಬೆಂಗಳೂರು ಅಂತ ಹೋಗುವವರು ಹೋದರು. ಉಳಿದವರು ಹೊಸಬರನ್ನು ಸೇರಿಸಿಕೊಂಡು ಮುಂದುವರಿಸಿದರು. ಒಬ್ಬ ಉದ್ಯಮಬಾಗದ ಫೌಂಡ್ರಿಯಲ್ಲಿ ಸೂಪರ್‌ವೈಸರ್, ಒಬ್ಬನದು ಬ್ಯಾಂಕಿನ ಕೆಲಸ. ಗಾಯಕ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರ. ಎರಡು ಗಿಟಾರು, ಒಂದು ಬೇಸ್, ಡ್ರಮ್ಸ್, ಗಾಯಕ, ಹೀಗೆ ಐದು ಜನ. ದೊಡ್ಡ ಕಾರ್ಯಕ್ರಮ ಇದ್ದಾಗ ಕೀಬೋರ್ಡಿಗೆ ಹೊರಗಿನವರನ್ನು ಕರೆಯುತ್ತಾರೆ.

ಕಾಲೇಜು ಫೆಸ್ಟ್, ತಿಳಕವಾಡಿ ಕಡೆಯ ಹೋಟೆಲುಗಳು, ಗಣೇಶೋತ್ಸವದ ಮಂಡಳಗಳು, ಆಗೊಮ್ಮೆ ಈಗೊಮ್ಮೆ ಘಟ್ಟ ಇಳಿದು ಗೋವಾ: ಇವು ಅವರ ವೇದಿಕೆಗಳು. ಅರ್ಧ ಹಳೆಯ ಇಂಗ್ಲಿಷ್ ಹಾರ್ಡ್ ರಾಕ್, ಅರ್ಧ ತಮ್ಮದೇ ಕನ್ನಡ ಹಾಡುಗಳು. ಕೊನೆಗೆ ಶಿಶುನಾಳ ಶರೀಫರ ಒಂದು ತತ್ವಪದ. ಅದಕ್ಕೆ ಪೇಟಿ (ಹಾರ್ಮೋನಿಯಂ) ಬಾರಿಸಲು ಭಜನಾ ಮಂಡಳಿಯ ಹಿರಿಯರೊಬ್ಬರು ಬರುತ್ತಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಈ ಪ್ರಕರಣದ ದಿಕ್ಕು ಬದಲಿಸಿದವರು ಈ ಕಾಕಾ.

ದನಿ ಒಡೆಯತೊಡಗಿದ್ದು

ತೊಡಕು ಶುರುವಾದದ್ದು ಗಂಟಲಿನಿಂದ. ವಾರವಿಡೀ ತರಗತಿಯಲ್ಲಿ ಅರವತ್ತು ಮಕ್ಕಳ ಮುಂದೆ ಕೂಗಿ ಪಾಠ ಹೇಳಿದ ದನಿಯನ್ನೇ ಶನಿವಾರ ರಾತ್ರಿ ಡ್ರಮ್ಸಿನ ಮುಂದೆ ನಿಲ್ಲಿಸಬೇಕು. ಅಭ್ಯಾಸದ ಕೋಣೆಯಲ್ಲಿ ಎಲ್ಲ ಸರಿ ಇರುತ್ತಿತ್ತು. ವೇದಿಕೆಯ ಮೇಲೆ ಏಳೆಂಟು ಹಾಡು ಆಗುವಷ್ಟರಲ್ಲಿ ಮೇಲಿನ ಸ್ವರಗಳು ಚೂರಾಗುತ್ತಿದ್ದವು. ಅವರ ಕವರ್ ಹಾಡುಗಳಲ್ಲಿ, ಅಂದರೆ ಬೇರೆಯವರ ಹಾಡನ್ನು ತಾವು ಹಾಡುವಾಗ, ದನಿ ಮತ್ತೆ ಮತ್ತೆ ಏರುವುದು ತಾರದ ಎ ಸ್ವರಕ್ಕೆ, ಅಂದರೆ 440 ಹರ್ಟ್ಸ್‌ಗೆ. ಒಂದೆರಡು ಕಡೆ ಬಿ ತನಕ, 494ಕ್ಕೆ. ಗಂಡಸಿನ ದನಿಗೆ ಅದು ಬಲು ಎತ್ತರ. ಒಂದು ಸಲ ಮುಟ್ಟುವುದು ಬೇರೆ, ಎರಡು ತಾಸು ಅಲ್ಲೇ ಓಡಾಡುವುದು ಬೇರೆ. ಆ ಮೂಲ ಹಾಡುಗಳನ್ನು ಸ್ಟುಡಿಯೋದಲ್ಲಿ ತುಂಡು ತುಂಡಾಗಿ, ದನಿ ಆರಾಮಾದಾಗ ಹಾಡಿಸಿ ರೆಕಾರ್ಡ್ ಮಾಡಿದ್ದು ಎಂಬುದನ್ನು ಕವರ್ ಬ್ಯಾಂಡಿನವರು ಮರೆಯುತ್ತಾರೆ.

ಗಂಟಲಿನ ವೈದ್ಯರು ನೋಡಿ ಧ್ವನಿತಂತುಗಳಿಗೆ ಬಾವು ಬಂದಿದೆ, ಕೆಲವು ವಾರ ಹಾಡಬೇಡ, ಕೂಗಲೂಬೇಡ ಎಂದರು. ಹುಡುಗ ಹೆದರಿದ. ಹಾಡು ಹೋದರೆ ಹೋಗಲಿ, ಮಾಸ್ತರಿಕೆ ನಿಂತಿರುವುದೇ ದನಿಯ ಮೇಲೆ.

ಮೊದಲ ಉಪಾಯಗಳು

ಕಷ್ಟದ ಹಾಡುಗಳನ್ನು ಕೈಬಿಟ್ಟು ನೋಡಿದರು. ಜನ ಕೇಳುವುದೇ ಆ ಹಾಡುಗಳನ್ನು. ಏರಿನ ಸಾಲುಗಳನ್ನು ಪ್ರೇಕ್ಷಕರ ಕಡೆ ಮೈಕ್ ಹಿಡಿದು ಹಾಡಿಸಿದರು. ಒಂದು ಹಾಡಿಗೆ ಅದು ಚೆಂದ, ಐದನೆಯ ಹಾಡಿಗೆ ಗಾಯಕ ತಪ್ಪಿಸಿಕೊಳ್ಳುತ್ತಿದ್ದಾನೆ ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ.

ಆಮೇಲೆ, ಹಾಡಿನ ಕೀ, ಅಂದರೆ ಆಧಾರ ಸ್ವರವಾದ ಷಡ್ಜ, ಬದಲಿಸಿ ನುಡಿಸೋಣ ಎಂಬ ಮಾತು ಬಂತು. ಪೇಟಿಯವರಿಗೆ, ಕೀಬೋರ್ಡಿನವರಿಗೆ ಇದು ಸಹಜ. ಕೈ ಸರಿಸಿದರೆ ಷಡ್ಜ ಸರಿಯುತ್ತದೆ. ಗಿಟಾರಿಗೆ ಈ ಅನುಕೂಲ ಇಲ್ಲ. ರಾಕ್ ಹಾಡಿನ ರಿಫ್‌ಗಳಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ಪಲುಕುಗಳಲ್ಲಿ, ಬಹಳಷ್ಟು ಆರನೆಯ ತಂತಿಯನ್ನು ಒತ್ತದೆ ತೆರೆದು ಬಿಟ್ಟು ನುಡಿಸುವಂಥವು. ಕೆಳಗಿನ ಇ ಸ್ವರ ಮೊಳಗುತ್ತಲೇ ಇರುತ್ತದೆ, ಅದರ ಮೇಲೆ ಬೆರಳು ಆಡುತ್ತವೆ. ಅದೇ ರಿಫ್ ಅರ್ಧ ಸ್ವರ ಕೆಳಗೆ ಬೇಕೆಂದರೆ ಸ್ಟ್ಯಾಂಡರ್ಡ್ ಶ್ರುತಿಯಲ್ಲಿ, ಅಂದರೆ ಗಿಟಾರಿನ ಎಂದಿನ ಶ್ರುತಿಯಲ್ಲಿ, ಆ ಸ್ವರವೇ ಇಲ್ಲ, ತಂತಿ ಅಲ್ಲಿಗೇ ಮುಗಿಯಿತು. ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಯಾಪೊ ಎಂಬ ಕ್ಲಿಪ್ ಹಾಕಿದರೆ ಶ್ರುತಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅದಕ್ಕೇ ರಾಕ್ ತಂಡಗಳು ಕೀ ಬದಲಿಸುವ ಬದಲು ಇಡೀ ಗಿಟಾರನ್ನೇ ಇಳಿಸುತ್ತವೆ. ಬೆರಳಿನ ಜಾಗ ಒಂದೂ ಬದಲಾಗದು, ರಿಫ್ ರಿಫ್ಫಾಗಿಯೇ ಉಳಿಯುತ್ತದೆ.

ಗೆಳೆಯನೊಬ್ಬನಿಂದ ಶ್ರುತಿ ಇಳಿಸುವ ಪೆಡಲ್ ತಂದೂ ನೋಡಿದರು. ಡಿಜಿಟೆಕ್‌ನ ಡ್ರಾಪ್ ಎಂಬ ಪೆಡಲ್, ತಂತಿಗೆ ಕೈ ಹಚ್ಚದೆ ದನಿಯನ್ನು ಅರ್ಧ ಅರ್ಧ ಸ್ವರವಾಗಿ ಇಳಿಸಿಕೊಡುತ್ತದೆ. ದೊಡ್ಡ ವೇದಿಕೆಗೆ ಒಳ್ಳೆಯ ವಸ್ತು. ಸಣ್ಣ ಕೋಣೆಯಲ್ಲಿ ಮಾತ್ರ ಆಂಪ್‌ನಿಂದ ಒಂದು ಸ್ವರ, ಬರಿಯ ತಂತಿಯಿಂದ ಇನ್ನೊಂದು ಸ್ವರ ಕೇಳಿ ಮುಖ್ಯ ಗಿಟಾರಿಸ್ಟನಿಗೆ ತಲೆ ಕೆಟ್ಟಿತು. ಎರಡು ಗಿಟಾರು, ಒಂದು ಬೇಸ್ ಸೇರಿ ಮೂರು ಪೆಡಲ್ ಕೊಳ್ಳುವ ದುಡ್ಡೂ ಇರಲಿಲ್ಲ.

ಬೇಡ ಅಂದವನ ಮಾತು

ಮುಖ್ಯ ಗಿಟಾರಿಸ್ಟ ಶ್ರುತಿ ಇಳಿಸಲು ಒಪ್ಪಲಿಲ್ಲ. ‘ಮೂಲದಾಗ ಹೆಂಗೈತಿ ಹಂಗ ಬಾರಿಸೋಣು. ಇಳಿಸಿದ್ರ ಆಗೂದಿಲ್ಲಂತ ಒಪ್ಪಿಕೊಂಡಂಗ ಆತಲ್ಲ’ ಅಂದ. ಅವನ ಮಾತು ಬರೀ ಹಟ ಆಗಿರಲಿಲ್ಲ. ಬ್ರಿಜ್ಜು ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿರುವ ಭಾಗ. ಅವನ ಗಿಟಾರಿಗಿರುವುದು ತೇಲುವ ಬ್ರಿಜ್ಜು, ಫ್ಲಾಯ್ಡ್ ರೋಸ್ ಮಾದರಿಯದು. ಮುಂದಿನಿಂದ ತಂತಿಗಳು, ಹಿಂದಿನಿಂದ ಸ್ಪ್ರಿಂಗುಗಳು ಸಮಸಮ ಎಳೆದಾಗ ಮಾತ್ರ ಅದು ಮಟ್ಟಸ ನಿಲ್ಲುತ್ತದೆ. ಒಂದು ತಂತಿ ಸಡಿಲಾದರೆ ಉಳಿದ ಐದೂ ಶ್ರುತಿ ಬಿಡುತ್ತವೆ. ಇಳಿಸುವ ಭಾರವೆಲ್ಲ ತನ್ನ ಮೇಲೆಯೇ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮೂಲದ ವಿಷಯಕ್ಕೆ ಬಂದರೆ, ಅವನು ಪೂಜಿಸುವ ಹಲವರು ಸ್ಟ್ಯಾಂಡರ್ಡ್ ಶ್ರುತಿಯಲ್ಲಿ ಇರಲೇ ಇಲ್ಲ. ಜಿಮಿ ಹೆಂಡ್ರಿಕ್ಸ್ ಬಹಳ ಕಡೆ ಅರ್ಧ ಸ್ವರ ಕೆಳಗೇ ನುಡಿಸಿದ. ಸ್ಟೀವಿ ರೇ ವಾನ್ ಕೂಡ ಅಷ್ಟೇ, ಅದರ ಮೇಲೆ ಬಲು ದಪ್ಪ ತಂತಿ ಹಾಕಿಕೊಂಡು. ಗನ್ಸ್ ಎನ್ ರೋಸಸ್ ರೆಕಾರ್ಡ್ ಮಾಡಿದ್ದೇ ಅರ್ಧ ಸ್ವರ ಇಳಿಸಿ. ಮೆಟಾಲಿಕಾದವರು 80ರ ದಶಕದಲ್ಲಿ ಹೆಚ್ಚಾಗಿ ಸ್ಟ್ಯಾಂಡರ್ಡ್ ಶ್ರುತಿಯಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನೇ 90ರ ದಶಕದ ನಡುವಿನಿಂದ ವೇದಿಕೆಯ ಮೇಲೆ ಅರ್ಧ ಸ್ವರ ಇಳಿಸಿ ನುಡಿಸುತ್ತ ಬಂದಿದ್ದಾರೆ. ಬ್ಲ್ಯಾಕ್ ಸಬ್ಬಾತ್‌ನ ಟೋನಿ ಅಯೋಮಿಯ ಕಥೆ ಬೇರೆ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ತುಂಡಾದವು. ಅವನು ಎಡಚ, ಗಿಟಾರಿನ ಕತ್ತಿನ ಲೋಹದ ಗೆರೆಗಳ, ಅಂದರೆ ಫ್ರೆಟ್‌ಗಳ, ಮೇಲೆ ತಂತಿ ಒತ್ತುವ ಕೈಯೇ ಅದು. ತಂತಿ ಮೆತ್ತಗಿದ್ದರೆ ಒತ್ತಲು ಆರಾಮ ಎಂದು 1971ರ ಹೊತ್ತಿಗೆ ಮೂರು ಅರ್ಧ ಸ್ವರ ಇಳಿಸಿದ. ಹಾಗೆ ಇಳಿಸಿದಾಗ ತೆರೆದ ಆರನೆಯ ತಂತಿ ನಮ್ಮ ಪೇಟಿಯವರ ಕರಿ ಒಂದಕ್ಕೆ, ಅಂದರೆ ಮೊದಲ ಕರಿ ಮನೆಯ ಸಿ-ಶಾರ್ಪಿಗೆ, ಬಂದು ಕೂಡುತ್ತದೆ. ಇದನ್ನು ಕೇಳಿ ಕಾಕಾಗೆ ಬಹಳ ಸಂತೋಷವಾಗಿತ್ತು.

ಇಷ್ಟೆಲ್ಲ ಹೇಳಿದರೂ ಗಿಟಾರಿಸ್ಟ ಬಗ್ಗಲಿಲ್ಲ. ಬಗ್ಗಿಸಿದ್ದು ಕಾಕಾ ಕೇಳಿದ ಒಂದು ಪ್ರಶ್ನೆ.

ತತ್ವಪದದ ಅಭ್ಯಾಸಕ್ಕೆ ಬಂದವರು ಹುಡುಗನ ದನಿ ಕೇಳಿ ಪೇಟಿ ನಿಲ್ಲಿಸಿದರು. ‘ತಮ್ಮಾ, ನಿನ್ನ ಷಡ್ಜ ಎಲ್ಲೈತಿ?’ ಬ್ಯಾಂಡು ಹುಟ್ಟಿದಾಗಿನಿಂದ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಕಾಕಾ, ಕರಿ ಒಂದಕ್ಕಿಂತ ಅರ್ಧ ಸ್ವರ ಮೇಲಿರುವ ಬಿಳಿ ಎರಡಕ್ಕೆ ಸಾ ಹಿಡಿಸಿದರು, ಮಂದ್ರದ ಪಂಚಮದ ತನಕ ಇಳಿಸಿದರು, ತಾರಕ್ಕೆ ಏರಿಸಿದರು. ಆಮೇಲೆ ಕರಿ ಒಂದಕ್ಕೆ ಬಂದು ಅದನ್ನೇ ಮಾಡಿಸಿದರು. ಕರಿ ಒಂದಕ್ಕೆ ಬಂದಾಗ ಹುಡುಗನ ಕುತ್ತಿಗೆಯ ನರ ಇಳಿದದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು. ‘ಪೇಟಿ ನಿನ್ನ ಹಿಂದ ಬರಬೇಕಪಾ. ನೀ ಯಾಕ ಪೇಟಿ ಹಿಂದ ಓಡತಿ?’ ಅಂದರು. ಗಂಗೂಬಾಯಿ ಹಾನಗಲ್ಲರ ಉದಾಹರಣೆ ಕೊಟ್ಟರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಇಳಿಯಿತು. ಇಳಿದ ದನಿಗೆ ತಕ್ಕ ಷಡ್ಜ ಹಿಡಿದೇ ಅವರು ಮುಂದೆ ಅಷ್ಟು ಎತ್ತರಕ್ಕೆ ಬೆಳೆದದ್ದು. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ಇರುವ ಊರಿನಲ್ಲಿ, ಹಾಡುವವನಿಗೆ ತಕ್ಕ ಶ್ರುತಿ ಇಟ್ಟುಕೊಳ್ಳಲು ನಾಚಬೇಕೇ ಎಂಬುದು ಅವರ ಮಾತಿನ ಅರ್ಥ. ಗಿಟಾರಿಸ್ಟ ಬಹಳ ಹೊತ್ತು ಏನೂ ಅನ್ನಲಿಲ್ಲ. ಕೊನೆಗೆ, ‘ಇಳಿಸೋಣ್ರಿ ಕಾಕಾ’ ಅಂದ.

ಈ ಪ್ರಕರಣದ ಮೊದಲ ತಿರುವು ಇದು. ಅಲ್ಲಿಯವರೆಗೆ ಚರ್ಚೆಯೆಲ್ಲ ಗಿಟಾರಿನ ಸುತ್ತ ಇತ್ತು. ಅಂದಿನಿಂದ ದನಿಯ ಸುತ್ತ ಬಂತು.

ಮಂಡಳದ ಮುಂದೆ

ಒಪ್ಪಿದ್ದೇನೋ ಒಪ್ಪಿದರು, ಆದರೆ ಅವಸರ ಮಾಡಿದರು. ಗಣೇಶೋತ್ಸವದ ಕಾರ್ಯಕ್ರಮ ಎದುರಿಗಿತ್ತು. ಅದೇ ಮಧ್ಯಾಹ್ನ, ಹಳೆಯ ತಂತಿಗಳ ಮೇಲೆಯೇ ಕೀ ತಿರುಗಿಸಿ ಎಲ್ಲರೂ ಇ-ಫ್ಲ್ಯಾಟಿಗೆ, ಅಂದರೆ ಇ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ, ಇಳಿಸಿದರು. ಹೊರಗೆ ಜಿಟಿಜಿಟಿ ಮಳೆ.

ತಂತಿಯ ಎಳೆತ ಅದರ ಕಂಪನಾಂಕದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಆರನೆಯ ತಂತಿ 82.4 ಹರ್ಟ್ಸ್‌ನಿಂದ 77.8ಕ್ಕೆ ಇಳಿದಾಗ ಸ್ವರ ಇಳಿಯುವುದು ಶೇಕಡಾ 6ಕ್ಕೂ ಕಡಿಮೆ, ಎಳೆತ ಇಳಿಯುವುದು ಸುಮಾರು 11. ಇಬ್ಬರ ಗಿಟಾರಿನಲ್ಲೂ ಇದ್ದದ್ದು 9ರಿಂದ 42ರ ತೆಳು ತಂತಿಗಳ ಸೆಟ್. ಈ ಅಂಕಿಗಳು ಇಂಚಿನ ಸಾವಿರದ ಭಾಗಗಳಲ್ಲಿ ತಂತಿಯ ದಪ್ಪ. ಎಳೆತ ಕಡಿಮೆಯಾದ ಕೂಡಲೇ ಮುಖ್ಯ ಗಿಟಾರಿನ ಬ್ರಿಜ್ಜನ್ನು ಸ್ಪ್ರಿಂಗುಗಳು ಹಿಂದಕ್ಕೆ ಜಗ್ಗಿ ಕುಸಿಯಿತು. ತಂತಿ ಫ್ರೆಟ್ಟಿಗೆ ತಾಗಿ ಜರಜರ ಅನ್ನತೊಡಗಿತು. ಒಂದನ್ನು ಸರಿ ಮಾಡಿದರೆ ಇನ್ನೊಂದು ಜಾರುತ್ತಿತ್ತು. ಇನ್ನೊಬ್ಬನ ಗಿಟಾರಿನ ಬ್ರಿಜ್ಜು ಅಲುಗುವಂಥದ್ದಲ್ಲ, ಆದರೂ ಸಡಿಲ ತಂತಿಗೆ ಮೊದಲಿನ ರಭಸದಲ್ಲೇ ಪಿಕ್ ಬೀಸಿದಾಗ ಪ್ರತಿ ಹೊಡೆತಕ್ಕೂ ಸ್ವರ ಮೊದಲು ಮೇಲೆದ್ದು ಆಮೇಲೆ ಕೂಡುತ್ತಿತ್ತು. ಬೇಸಿನ ಕೆಳಗಿನ ತಂತಿ 41.2ರಿಂದ 38.9 ಹರ್ಟ್ಸ್‌ಗೆ ಬಂದಿತ್ತು. ಮಂಡಳದ ಸ್ಪೀಕರುಗಳಲ್ಲಿ ಅದು ಸ್ವರವಾಗಿ ಕೇಳದೆ ಬರಿಯ ಗುಡುಗಾಗಿ ಕೇಳುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕೀಬೋರ್ಡಿನಿಂದ ಬಂತು. ಅಂದು ಬಂದ ಅತಿಥಿಗೆ ಶ್ರುತಿ ಇಳಿದ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಸೌಂಡ್ ಚೆಕ್ ಹೊತ್ತಿಗೆ ಅವನು ಇನ್ನೂ ಮುಟ್ಟಿರಲಿಲ್ಲ. ಮೊದಲ ಹಾಡಿನ ಮೊದಲ ಕಾರ್ಡಿನಲ್ಲೇ ಕೀಬೋರ್ಡು ಒಂದು ಕಡೆ, ಗಿಟಾರುಗಳು ಅರ್ಧ ಸ್ವರ ಇನ್ನೊಂದು ಕಡೆ. ಶ್ರುತಿಜ್ಞಾನ ಇಲ್ಲದವರಿಗೂ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುವ ಅಂತರ ಅದು. ನಿಲ್ಲಿಸಿದರು, ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಒಂದು ಇಳಿಸಿ ಮತ್ತೆ ಶುರು ಮಾಡಿದರು. ಮಂಡಳದ ಹುಡುಗರು ಕೂಗಿದರು.

ಅಷ್ಟೆಲ್ಲ ಆಗಿಯೂ ಗಾಯಕ ಕೊನೆಯ ಹಾಡಿನ ಏರನ್ನು ಒಂದೂ ಬಿರುಕಿಲ್ಲದೆ ಹಾಡಿ ಮುಗಿಸಿದ. 440 ಇದ್ದದ್ದು 415 ಆಗಿತ್ತು, ಅಷ್ಟೇ ವ್ಯತ್ಯಾಸ. ಆ ರಾತ್ರಿ ಸಾಮಾನು ಟೆಂಪೋಗೆ ಏರಿಸುವಾಗ ಗಿಟಾರಿಸ್ಟ, ಇಷ್ಟು ಕೆಟ್ಟ ಕಾರ್ಯಕ್ರಮ ನಾವು ಯಾವತ್ತೂ ಕೊಟ್ಟಿಲ್ಲ ಅಂದ. ಗಾಯಕ, ಇಷ್ಟು ಆರಾಮಾಗಿ ನಾನು ಯಾವತ್ತೂ ಹಾಡಿಲ್ಲ ಅಂದ. ಎರಡೂ ನಿಜ. ಎರಡರಲ್ಲಿ ಒಂದನ್ನೇ ನಂಬಿ, ಮತ್ತೆ ಸ್ಟ್ಯಾಂಡರ್ಡಿಗೆ ಹೋಗಿಬಿಡುವ ಬ್ಯಾಂಡುಗಳನ್ನು ನಾನು ಕಂಡಿದ್ದೇನೆ. ಇವರು ಕಾದರು. ಆ ವಾರ ತೀರ್ಮಾನ ಬೇಡ, ಗಿಟಾರುಗಳನ್ನು ಮೊದಲು ಸರಿ ಮಾಡಿಸೋಣ ಎಂದದ್ದು ಡ್ರಮ್ಸಿನವ. ನನ್ನ ಲೆಕ್ಕದಲ್ಲಿ ಎರಡನೆಯ ತಿರುವು ಅದು.

ಮೇಜಿನ ಮೇಲೆ

ಮೊದಲು ತಂತಿಯ ಮಾತು. ಅರ್ಧ ಸ್ವರ ಇಳಿಸಿ ಹಳೆಯ ಎಳೆತವನ್ನೇ ಉಳಿಸಬೇಕಾದರೆ ತಂತಿ ಶೇಕಡಾ 6ರಷ್ಟು ದಪ್ಪ ಬೇಕು. ಅಂದರೆ 9ಕ್ಕೆ 9.5. ಸುಲಭವಾಗಿ ಸಿಗುವುದು 10ರಿಂದ 46ರ ಸೆಟ್. ಅದನ್ನು ಇ-ಫ್ಲ್ಯಾಟಿಗೆ ಹಾಕಿದರೆ ಎಳೆತ, 9ರ ಸೆಟ್ಟು ಸ್ಟ್ಯಾಂಡರ್ಡಿನಲ್ಲಿ ಎಳೆಯುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಪಿಕ್ ಬೀಸಿ ಹೊಡೆಯುವ ಇವರಿಗೆ ಅದೇ ಸರಿ ಎಂದು ಎರಡೂ ಗಿಟಾರಿಗೆ 10ರ ಸೆಟ್ ಹಾಕಿದೆ.

ತೇಲುವ ಬ್ರಿಜ್ಜಿಗೆ ಹೊತ್ತು ಹಿಡಿಯಿತು. ಹಿಂದಿನ ಮುಚ್ಚಳ ತೆಗೆದರೆ ಮೂರು ಸ್ಪ್ರಿಂಗು, ಅವನ್ನು ಹಿಡಿದ ಲೋಹದ ಪಟ್ಟಿ, ಪಟ್ಟಿಗೆ ಎರಡು ಉದ್ದ ಸ್ಕ್ರೂ. ಬ್ರಿಜ್ಜು ಮೈಗೆ ಸಮಾನಾಂತರವಾಗಿ ನಿಲ್ಲುವ ಹಾಗೆ ಒಳಗೆ ಮರದ ಚೂರೊಂದನ್ನು ಸಿಕ್ಕಿಸಿ, ಅದು ಅಲುಗದಂತೆ ಮಾಡಿ, ಆರೂ ತಂತಿಯನ್ನು ಹೊಸ ಶ್ರುತಿಗೆ ತಂದೆವು. ಆಮೇಲೆ ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಹೋದರೆ ಒಂದು ಹಂತದಲ್ಲಿ ಮರದ ಚೂರು ತಾನೇ ಸಡಿಲಾಗಿ ಬೀಳುತ್ತದೆ. ಬಿದ್ದಾಗ ಎರಡೂ ಕಡೆಯ ಎಳೆತ ಸಮ ಆಯಿತು ಎಂದರ್ಥ. ಮಂಡಳದ ದಿನ ಸಡಿಲಿಸಬೇಕಿದ್ದ ಸ್ಕ್ರೂಗಳನ್ನು ಈಗ ದಪ್ಪ ತಂತಿಯಿಂದಾಗಿ ಬಿಗಿಮಾಡಬೇಕಾಯಿತು. ಇದನ್ನು ಗಿಟಾರಿಸ್ಟ ತನ್ನ ಕೈಯಿಂದಲೇ ಮಾಡಿದ. ಹೆದರಿಕೆ ಅಲ್ಲಿಗೆ ಹೋಯಿತು ಎಂದು ಕಾಣುತ್ತದೆ.

ಉಳಿದದ್ದು ಎಂದಿನ ಕೆಲಸ. ಇನ್ನೊಂದು ಗಿಟಾರಿನ ನಟ್ಟಿನ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯ, ಕಚ್ಚುಗಳಲ್ಲಿ ದಪ್ಪ ತಂತಿ ಸಿಕ್ಕಿಕೊಳ್ಳದಂತೆ ತುಸು ಉಜ್ಜಿದೆ. ಹನ್ನೆರಡನೆಯ ಫ್ರೆಟ್ಟಿನ ಸ್ವರವನ್ನೂ ಅಲ್ಲಿನ ಹಾರ್ಮೋನಿಕನ್ನೂ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಹೊರಡಿಸುವ ಸ್ವರ) ಹೋಲಿಸಿ, ಒತ್ತಿದ ಸ್ವರ ಮೇಲೆ ಹೋಗಿದ್ದ ಕಡೆ ಬ್ರಿಜ್ಜಿನಲ್ಲಿ ತಂತಿ ಕೂರುವ ಸ್ಯಾಡಲ್ ಹಿಂದೆ ಸರಿಸಿದೆ. ಬೇಸಿಗೆ ತಂತಿ ಬದಲಿಸಲಿಲ್ಲ. ಕೈ ಹಗುರ ಮಾಡಿ ನುಡಿಸಲು ಹೇಳಿದೆ. ಸೌಂಡ್‌ನವರಿಗೆ ಗಿಟಾರುಗಳ ತೀರ ಕೆಳಗಿನ ಭಾಗ ಕತ್ತರಿಸಿ, ಆ ಜಾಗವನ್ನು ಬೇಸಿಗೂ ಕಿಕ್ ಡ್ರಮ್ಮಿಗೂ ಬಿಡಲು ಹೇಳಿದೆವು.

ಇನ್ನೂ ಇಳಿಸೋಣವೇ?

ಆರಾಮ ರುಚಿ ಹತ್ತಿದ ಮೇಲೆ ಗಾಯಕ ಇನ್ನೂ ಅರ್ಧ ಇಳಿಸಿ ಪೂರ್ತಿ ಒಂದು ಸ್ವರ ಕೆಳಗೆ ಹೋಗೋಣ ಅಂದ. ಅಭ್ಯಾಸದಲ್ಲಿ ಹಾಗೂ ನೋಡಿದರು. ಕವರ್ ಹಾಡುಗಳ ಏರು ಬಹಳ ಸುಲಭವಾಯಿತು. ಕನ್ನಡ ಹಾಡುಗಳ ಚರಣ ಮಾತ್ರ ಮುಳುಗಿಹೋಯಿತು. ಮೊದಲೇ ತಗ್ಗಿನಲ್ಲಿದ್ದ ಸಾಲುಗಳು ಇನ್ನೂ ಕೆಳಗಿಳಿದು ಮಾತೇ ಕೇಳದಂತಾದವು. ಶ್ರುತಿ ಇಳಿಸಿದಾಗ ಮೇಲಿನ ಸ್ವರದ ಜೊತೆ ಕೆಳಗಿನದೂ ಇಳಿಯುತ್ತದೆ ಎಂಬುದು ಗಂಟಲು ನೋಯುತ್ತಿರುವವನಿಗೆ ಹೊಳೆಯುವುದಿಲ್ಲ. ಎಳೆತ ಸ್ಟ್ಯಾಂಡರ್ಡಿಗಿಂತ ಶೇಕಡಾ 20ರಷ್ಟು ಕಡಿಮೆಯಾಗುವುದರಿಂದ ತಂತಿಯನ್ನು 11ಕ್ಕೆ ಏರಿಸಿ ಮತ್ತೆ ಎಲ್ಲ ಸೆಟಪ್ ಮಾಡಬೇಕಿತ್ತು. ಹಾಡುಗಳ ಪಟ್ಟಿ ಹಿಡಿದು, ಪ್ರತಿ ಹಾಡಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ಬರೆದು ನೋಡಿದಾಗ ಅರ್ಧ ಸ್ವರವೇ ಹೆಚ್ಚಿನ ಹಾಡುಗಳಿಗೆ ಹೊಂದುತ್ತಿತ್ತು. ಎರಡು ಇಂಗ್ಲಿಷ್ ಹಾಡುಗಳು ಅಲ್ಲಿಗೂ ಹೊಂದಲಿಲ್ಲ. ಅವನ್ನು ಬಿಟ್ಟುಕೊಟ್ಟರು. ಈ ಪಟ್ಟಿಯನ್ನು ಮೊದಲೇ ಮಾಡಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಯಾರೂ ಎಣಿಸದ ಲಾಭ ತತ್ವಪದದಲ್ಲಿ ಸಿಕ್ಕಿತು. ಕಾಕಾ ಈಗ ಬಾರಿಸುವುದು ಕರಿ ಒಂದಕ್ಕೆ, ಅಂದರೆ ಸಿ-ಶಾರ್ಪಿಗೆ. ಸ್ಟ್ಯಾಂಡರ್ಡ್ ಗಿಟಾರಿನಲ್ಲಿ ಅದು ಬಲು ತ್ರಾಸಿನ ಕೀ, ಬೆರಳು ಅಡ್ಡ ಒತ್ತಿಯೇ ನುಡಿಸಬೇಕು, ತೆರೆದ ತಂತಿ ಯಾವುದೂ ಷಡ್ಜಕ್ಕೆ ಒದಗುವುದಿಲ್ಲ. ಅರ್ಧ ಸ್ವರ ಇಳಿಸಿದ ಗಿಟಾರಿನಲ್ಲಿ ಮಾಮೂಲಿ ಡಿ ಕಾರ್ಡ್ ಹಿಡಿದರೆ ಹೊರಡುವುದೇ ಸಿ-ಶಾರ್ಪ್. ನಾಲ್ಕನೆಯ ತಂತಿ ತೆರೆದಿಟ್ಟರೆ ಷಡ್ಜ, ಐದನೆಯದು ಪಂಚಮ. ಆರನೆಯದನ್ನು ಇನ್ನೂ ಒಂದು ಸ್ವರ ಇಳಿಸಿದರೆ ಮಂದ್ರ ಷಡ್ಜ ಸಿಗುತ್ತದೆ. ಇಬ್ಬರೂ ಗಿಟಾರಿಸ್ಟರು ತೆರೆದ ತಂತಿ ಮೊಳಗಿಸುತ್ತ ಕೂತರು, ಪೇಟಿ ಅದರ ಮೇಲೆ ನಡೆಯಿತು. ಕಾಕಾರ ಪೇಟಿಯ ಎ ಸ್ವರ 440 ಹರ್ಟ್ಸ್‌ಗಿಂತ ತುಸು ಮೇಲಿದೆ. ರೀಡುಗಳನ್ನು ವೇದಿಕೆಯ ಮೇಲೆ ಕೂತು ಕೆರೆಯಲು ಬರುವುದಿಲ್ಲ. ಆದ್ದರಿಂದ ಆ ಹಾಡಿಗೆ ಮುಂಚೆ ಎಲ್ಲರೂ ಟ್ಯೂನರನ್ನು 442ಕ್ಕೆ ಇಟ್ಟು ತಂತಿ ಕೂಡಿಸಿಕೊಳ್ಳುತ್ತಾರೆ.

ಈಗ ಹೇಗಿದೆ

ಹುಡುಗನ ಗಂಟಲಿನ ಬಾವು ಇಳಿದಿದೆ. ಶ್ರುತಿಯೊಂದೇ ಅದಕ್ಕೆ ಕಾರಣ ಎಂದು ನಾನು ಹೇಳಲಾರೆ. ವೈದ್ಯರು ಹೇಳಿದಷ್ಟು ದಿನ ಹಾಡಲಿಲ್ಲ, ಕಾರ್ಯಕ್ರಮದ ದಿನ ಮಾತು ಕಡಿಮೆ ಮಾಡಿದ, ತರಗತಿಯಲ್ಲಿ ಕೊರಳಿಗೆ ಸಣ್ಣ ಮೈಕ್ ಹಾಕಿಕೊಂಡ. ಎರಡು ತಾಸಿನ ಕಾರ್ಯಕ್ರಮವನ್ನು ಒಂದೇ ದನಿಯಲ್ಲಿ ಮುಗಿಸುತ್ತಿರುವುದಕ್ಕೆ ಮಾತ್ರ ಇಳಿಸಿದ ಶ್ರುತಿಯೇ ಕಾರಣ ಎಂದು ಅವನೂ ಹೇಳುತ್ತಾನೆ, ನನಗೂ ಹಾಗೇ ಕೇಳುತ್ತದೆ.

ಪ್ರೇಕ್ಷಕರಲ್ಲಿ ವ್ಯತ್ಯಾಸ ಹಿಡಿದವರು ಬೆರಳೆಣಿಕೆಯಷ್ಟು. ಮೊಬೈಲಿನ ವಿಡಿಯೊ ಹಾಕಿಕೊಂಡು ಜೊತೆಗೆ ನುಡಿಸಲು ಹೋದ ಕಾಲೇಜು ಹುಡುಗರು ಯಾಕೆ ಕೂಡುತ್ತಿಲ್ಲ ಎಂದು ಕೇಳಿ ಬಂದರು. ಗಿಟಾರಿಸ್ಟನ ತಕರಾರು ಪೂರ್ತಿ ಹೋಗಿಲ್ಲ. ಒಂದು ಸೋಲೊ ಇ-ಫ್ಲ್ಯಾಟಿನಲ್ಲಿ ಮಿಂಚು ಕಳೆದುಕೊಂಡಿದೆ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ಆ ಹಾಡಿನಲ್ಲಿ ಗಾಯಕನಿಗೆ ಏರು ಇಲ್ಲವಾದ್ದರಿಂದ ಇಬ್ಬರೂ ಗಿಟಾರಿಸ್ಟರು ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ ಸ್ಟ್ಯಾಂಡರ್ಡಿನಲ್ಲೇ ನುಡಿಸಿದರೆ ಹೇಗೆ ಎಂಬ ಮಾತು ನಡೆದಿದೆ. ಬೇಸಿನವ ಕೈ ಸರಿಸಿಕೊಳ್ಳುತ್ತೇನೆ ಎಂದು ಒಪ್ಪಿದ್ದಾನೆ. ತೇಲುವ ಬ್ರಿಜ್ಜಿನ ಗಿಟಾರಿನಲ್ಲಿ ಕ್ಯಾಪೊ ಹಾಕಿದಾಗ ಶ್ರುತಿ ನಿಲ್ಲುತ್ತದೆಯೇ ಎಂಬುದನ್ನು ಮುಂದಿನ ಅಭ್ಯಾಸದಲ್ಲಿ ನೋಡಬೇಕಿದೆ.

ಕಾರ್ಯಕ್ರಮ ಒಪ್ಪಿಕೊಂಡ ಕೂಡಲೇ ಅವರು ಆಯೋಜಕರಿಗೂ ಅತಿಥಿ ಕಲಾವಿದರಿಗೂ ಕಳಿಸುವ ಹಾಳೆಯ ಮೊದಲ ಸಾಲು ಈಗ ಹೀಗಿದೆ: ‘ಎಲ್ಲ ಹಾಡು ಅರ್ಧ ಸ್ವರ ಕೆಳಗೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಒಂದು ಇಳಿಸಿಕೊಳ್ಳಬೇಕು. ಕೊನೆಯ ತತ್ವಪದ ಪೇಟಿಯ ಶ್ರುತಿಗೆ.’